ಹಿಂದಿನ ಗೇಟಿನ ಕಾವಲು

ವಿಶ್ವವಿದ್ಯಾಲಯದ ಕಾವಲಿನಲ್ಲೇ ಹತ್ತೊಂಬತ್ತು ವರ್ಷ ಸವೆಸಿದವನು ಅವನು. ಹುಡುಗರೆಲ್ಲ ಕರೆಯುವುದು ಮೀಸೆ ಅಂಕಲ್ ಎಂದು. ಹೆಂಡತಿಯ ತಮ್ಮನನ್ನು ಕೈಹಿಡಿದು ಕರೆತಂದು ಕೆಲಸ ಕಲಿಸಿದವನೂ ಅವನೇ. ಭದ್ರತಾಧಿಕಾರಿಯ ಕುರ್ಚಿ ಖಾಲಿಯಾದಾಗ ಆ ಭಾವಮೈದುನ ಒಂದು ಮಾತೂ ಹೇಳದೆ ಅರ್ಜಿ ಹಾಕಿ, ಅದರಲ್ಲಿ ಕೂತುಬಿಟ್ಟ. ‘ಭಾವನಿಗೆ ವಯಸ್ಸಾಯ್ತು, ಮರೆವು ಜಾಸ್ತಿ’ ಎಂದು ಮೇಲಿನವರ ಕಿವಿ ಊದಿದ್ದೂ ಅವನೇ ಎಂದು ತಿಳಿದ ದಿನ ಮೀಸೆ ಅಂಕಲ್‌ಗೆ ಊಟ ಸೇರಲಿಲ್ಲ.

ಊರೋ ಕೆಟ್ಟು ಕೂತಿತ್ತು. ಹಾಡಹಗಲೇ ಬ್ಯಾಗು ಕಸಿಯುತ್ತಿದ್ದರು. ಅದಕ್ಕೇ ಹೊಸ ಅಧಿಕಾರಿ ಗ್ರಂಥಾಲಯದ ಹಿಂದಿನ ಸಣ್ಣ ಗೇಟನ್ನು ಪೂರ್ತಿ ಮುಚ್ಚಿಸಿ, ಕೀಲಿಯನ್ನು ತನ್ನ ಜೇಬಿಗೆ ಇಳಿಸಿಕೊಂಡಿದ್ದ. ಆ ಬೀಗದ ಎರಡನೆಯ ಕೀಲಿ ಕಳೆದಿದೆ ಎಂದು ಮೀಸೆ ಅಂಕಲ್ ಬರೆದುಕೊಟ್ಟಿದ್ದ. ಕಳೆದಿರಲಿಲ್ಲ.

ಲೆಕ್ಕಾಚಾರ ಸರಳವಾಗಿತ್ತು. ಮಧ್ಯಾಹ್ನ ತರಗತಿ ನಡೆಯುವಾಗ ಆ ಗೇಟಿನ ಮುಂದಿನ ಓಣಿಯಲ್ಲಿ ಜನವಿಲ್ಲ, ಕ್ಯಾಮೆರಾವೂ ಇಲ್ಲ. ರೇನ್‌ಕೋಟು, ಹೆಲ್ಮೆಟ್ಟು ತೊಟ್ಟು ಯಾರದಾದರೂ ಬ್ಯಾಗು ಕಸಿಯುವುದು, ಗೇಟು ತೆರೆದು, ಹಾಗೇ ಬಿಟ್ಟು ಓಡುವುದು. ಗೋಡೆಯಾಚೆ ವೇಷ ಕಳಚಿ, ಮುಂಬಾಗಿಲಿನಿಂದ ಸಮವಸ್ತ್ರದಲ್ಲಿ ಓಡಿಬರುವುದು. ಗೇಟು ಬಾಯ್ತೆರೆದಿದೆ, ಕೀಲಿ ಅಧಿಕಾರಿಯ ಬಳಿ ಇದೆ. ಸಂಜೆಯೊಳಗೆ ಕುರ್ಚಿ ಖಾಲಿ. ಬ್ಯಾಗು ಪೊದೆಯಲ್ಲಿ ಸಿಕ್ಕಿತೆಂದು ತಾನೇ ತಂದುಕೊಟ್ಟರಾಯಿತು. ಯಾರಿಗೂ ನೋವಿಲ್ಲ.

ಕೈಗೆ ಸಿಕ್ಕಿದವಳು, ಅವನು ದಿನವೂ ಬಸ್ ನಿಲ್ದಾಣದವರೆಗೆ ಬಿಟ್ಟುಬರುವ ಹುಡುಗಿ. ಜಗ್ಗಿದ ರಭಸಕ್ಕೆ ಬಿದ್ದಳು. ಬಿದ್ದವಳು ಅಮ್ಮನನ್ನು ಕರೆಯಲಿಲ್ಲ. "ಮೀಸೆ ಅಂಕಲ್" ಎಂದು ಕಿರುಚಿದಳು. ಅವನ ಕಾಲು ನಿಲ್ಲಲಿಲ್ಲ, ಗೇಟು ದಾಟಿ ಓಡಿದ.

ಅವನು ಸುತ್ತಿ ಬರುವಷ್ಟರಲ್ಲಿ ಜನ ಸೇರಿದ್ದರು. ಹುಡುಗಿ ಅವನ ಕೈ ಹಿಡಿದಳು. ಅವಳ ಮೊಣಕೈಯಲ್ಲಿ ರಕ್ತ.

"ನಿಮ್ಮನ್ನೇ ಕೂಗಿದೆ ಅಂಕಲ್. ಎಲ್ಲಿದ್ರಿ?"

"ನನ್ನನ್ನೇನು ಕೇಳ್ತೀಯಮ್ಮ, ಹಿಂದಿನ ಗೇಟು ತೆರೆದಿಟ್ಟೋರನ್ನ ಕೇಳು," ಎಂದ ಎಲ್ಲರಿಗೂ ಕೇಳುವಂತೆ.

ಗೇಟಿನ ಕಡೆಯಿಂದ ಭಾವಮೈದುನ ನಿಧಾನವಾಗಿ ನಡೆದುಬಂದ. ಮುಖ ಬಿಳಿಚಿಕೊಂಡಿತ್ತು.

"ಗೇಟಿಗೆ ಬೀಗ ಇದೆ ಭಾವ. ನನ್ನ ಕೀಲಿ ಇಲ್ಲೇ ಇದೆ," ಎಂದು ಜೇಬಿನಿಂದ ತೆಗೆದು ತೋರಿಸಿದ. "ಇನ್ನೊಂದು ಕಳೆದುಹೋಯ್ತು ಅಂದ್ರಲ್ಲ, ಅದೆಲ್ಲಿ?"

ಹುಡುಗಿ ಮೆಲ್ಲಗೆ ಕೈ ಬಿಡಿಸಿಕೊಂಡಳು. ಮೀಸೆ ಅಂಕಲ್‌ಗೆ ಆಗಲೇ ನೆನಪಾದದ್ದು. ಗೇಟು ದಾಟಿದ ಮೇಲೆ ಅವನ ಕೈ ತಾನಾಗಿ ಸರಪಳಿ ಎಳೆದು, ಬೀಗ ಒತ್ತಿ, ಎರಡು ಸಲ ಜಗ್ಗಿ ನೋಡಿತ್ತು. ಹತ್ತೊಂಬತ್ತು ವರ್ಷ ಆ ಗೇಟು ದಾಟಿದಾಗಲೆಲ್ಲ ಹಾಗೆಯೇ ಮಾಡಿದ್ದ, ಒಳಗೆ ಮಕ್ಕಳಿದ್ದಾರಲ್ಲ ಎಂದು.