ಆಶ್ಚರ್ಯಚಿಹ್ನೆಯ ಸಾಲುಗಳು

"ನಿಮ್ಮ ಫೈಲ್ ನಂಬಿದ್ರೆ ನನ್ನ ಡಬ್ಬೀಲಿ ಸಿಗ್ನಲ್ ದಾಟೋದೇ ಇಲ್ಲ ಮೇಡಂ!"

ಅವಳು ತಲೆಯೆತ್ತಿದಳು. ಆ ದನಿ! ಎಂಟು ತಿಂಗಳಿಂದ ದಿನಾ ಫೋನಿನಲ್ಲಿ ನಗಿಸುತ್ತಿದ್ದ ಡಿಸೈನರ್... ಮೊದಲ ಸಲ ಎದುರಿಗೆ ಬಂದದ್ದು ಬೈಯೋದಕ್ಕೆ!

"ಮೂರು ಸಲ ಅಳೆದಿದ್ದೀನಿ."

"ಹಾಗಾದ್ರೆ ಮೂರು ಸಲವೂ ತಪ್ಪು. ಮ್ಯಾನೇಜರಿಗೆ ಹೇಳಿಬಿಟ್ಟಿದ್ದೀನಿ."

ಅಷ್ಟೇ. ಹೋದ.

ಅವನು ವಿನ್ಯಾಸ ಮಾಡಿ ಕಳಿಸುವ ಸಿಗ್ನಲ್ ಡಬ್ಬಿಗಳಲ್ಲಿ ನಾಲ್ಕು ಬಾಯಿಯದು ಇದೇ ಮೊದಲು; ಈವರೆಗಿನವಕ್ಕೆ ಎಡಕ್ಕೊಂದು, ಬಲಕ್ಕೊಂದು ಬಾಯಿ ಅಷ್ಟೇ. ಒಂದು ಬಾಯಲ್ಲಿ ಸಿಗ್ನಲ್ ಬಿಟ್ಟು, ಉಳಿದ ಮೂರರಲ್ಲಿ ಎಷ್ಟು ಬಂತೆಂದು ಅಳೆದು ಫೈಲಿಗಿಳಿಸುವುದು ಅವಳ ಕೆಲಸ. ಆ ಕೆಲಸವೂ ಖಾಯಂ ಅಲ್ಲ. ಇಟ್ಟುಕೊಳ್ಳುವುದೋ ಬಿಡುವುದೋ, ನಾಳೆ ಸಂಜೆ ಮ್ಯಾನೇಜರ್ ಹೇಳಬೇಕು.

ಅಕ್ಕನಿಗೆ ಫೋನ್ ಮಾಡಿದಳು.

"ಆ ಫೋನಿನವನೇ ಬಂದಿದ್ನಾ? ನೋಡೋಕೆ ಹೇಗಿದಾನೆ?"

"ಅಕ್ಕಾ! ನನ್ನ ಕೆಲಸ ಹೋಗ್ತಿದೆ, ನಿನಗೆ ಅವನ ಮುಖದ ಚಿಂತೆ!"

"ಅಂದ್ರೆ ಚೆನ್ನಾಗಿದಾನೆ."

ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಕೇಬಲ್ ಬಿಚ್ಚಿದಳು, ಮತ್ತೆ ಹಾಕಿದಳು, ನಾಲ್ಕನೇ ಸಲ ಅಳೆದಳು. ಅದೇ ಅಂಕಿ!

'ದೂರು ಕೊಡೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ...'

ಮರುದಿನ ಸಂಜೆ, ಗಾಜಿನ ಬಾಗಿಲಾಚೆ ಅವನು ಮ್ಯಾನೇಜರ್ ಮುಂದೆ ಕೈಯಾಡಿಸುತ್ತ ಮಾತಾಡುತ್ತಿದ್ದ. ಮುಗೀತು! ಚೀಲ ತುಂಬತೊಡಗಿದಳು.

"ಎಲ್ಲಿಗೆ?" ಬಾಗಿಲಲ್ಲಿ ಅವನು.

"ಇನ್ನೂ ಯಾವ ದೂರು ಉಳಿದಿದೆ?"

"ತಪ್ಪು ನನ್ನದು ಅಂತ ಹೇಳಿ ಬಂದೆ. ನೀವು ಎಡಗಡೆಯ ಬಾಯಿಗಳಿಗೆ ಒಂದು, ಎರಡು ಅಂತ ನಂಬರ್ ಕೊಟ್ಟಿದ್ರಿ. ನಾನು ಯಾವಾಗಿನಂತೆ ಎರಡನೇದು ಬಲಗಡೆ ಇದೆ ಅಂದ್ಕೊಂಡೆ. ನಿಮ್ಮ ಕೆಲಸ ಖಾಯಂ ಅಂದ್ರು ಮ್ಯಾನೇಜರ್."

"ಫೈಲಿನ ಮೇಲ್ಗಡೆನೇ ಬರೆದಿದ್ನಲ್ಲ!"

"ಮೊದಲಲ್ಲಿ ಆಶ್ಚರ್ಯಚಿಹ್ನೆ ಹಾಕಿದ ಸಾಲನ್ನ ಬರೀ ಟಿಪ್ಪಣಿ ಅಂತ ಸಾಫ್ಟ್‌ವೇರ್ ಹಾರಿಸಿಬಿಡುತ್ತೆ. ನಾನೂ ಯಾವತ್ತೂ ಓದಿರಲಿಲ್ಲ... ನಿನ್ನೆ ಓದಿದೆ. ಎಂಟು ತಿಂಗಳಿನ ಎಲ್ಲಾ ಫೈಲಿನದೂ."

ಅವಳ ಮುಖ ಕೆಂಪೇರಿತು. ಯಾರೂ ಓದಲ್ಲವೆಂಬ ಧೈರ್ಯದಲ್ಲಿ ಅಲ್ಲಿ ಏನೆಲ್ಲ ಗೀಚಿದ್ದಳು!

"'ಇವತ್ತು ಅವರ ಫೋನ್ ಬರಲಿಲ್ಲ, ಅಳೆಯೋಕೆ ಮನಸ್ಸೇ ಇಲ್ಲ' ಅಂತ..."

"ಅಯ್ಯೋ, ಜೋರಾಗಿ ಹೇಳಬೇಡಿ!"

"ಅವತ್ತು ಜ್ವರ ಬಂದು ಮಲಗಿದ್ದೆ. ನಿಮ್ಮ ನಂಬರ್ ಒತ್ತೋದು, ಬಿಡೋದು... ಫೈಲಿನ ನೆಪ ಇರಲಿಲ್ಲ. ಸುಮ್ಮನೆ ನಿಮ್ಮ ದನಿ ಬೇಕಿತ್ತು. ಹಾಗಂತ ಹೇಳೋ ಧೈರ್ಯ ಇರಲಿಲ್ಲ."

"ಈಗ ಇದೆಯಾ?"

"ಇದೆ. ನೀವಂದ್ರೆ ನನಗಿಷ್ಟ. ತುಂಬಾ."

ಅವಳು ಚೀಲ ಕೆಳಗಿಟ್ಟಳು. "ನನಗೂ... ಆದ್ರೆ ಇನ್ಮೇಲೆ ಬೈಯೋ ಮುಂಚೆ ನನ್ನ ಕೇಳಬೇಕು."

"ಕೇಳ್ತೀನಿ. ದಿನಾ ಕೇಳ್ತೀನಿ."

ಒಳಗೆ ಯಾರೂ ಇಲ್ಲವೆಂದುಕೊಂಡು ಯಾರೋ ಹೊರಗಿನಿಂದ ದೀಪ ಆರಿಸಿದರು.

"ಇದ್ದೀವಿ!" ಇಬ್ಬರೂ ಒಟ್ಟಿಗೇ ಕೂಗಿದರು.