ಸಾವಿನ ಮನೆಗೆ ಬಂದ ಸೌಂಡಿನವನು

"ಸ್ವಲ್ಪ… ಕಾಲರ್ ಮುಟ್ಟಬೇಕು. ಮುಟ್ಟಲಾ?"

ಅವಳು ತಲೆಯಾಡಿಸಿದಳು.

ಟಿವಿಯಿಂದ ಬಂದವರಲ್ಲಿ ಕೇಳಿ ಮುಟ್ಟಿದವನು ಈ ಸೌಂಡಿನವನೊಬ್ಬನೇ. ಉಳಿದವರು ಕುರ್ಚಿ ಎಳೆದರು, ಕಿಟಕಿಯ ಪರದೆ ಸರಿಸಿದರು, ಗೋಡೆಯ ಮೇಲಿದ್ದ ತಮ್ಮನ ಫೋಟೋ ಇಳಿಸಿ ಅಮ್ಮನ ತೊಡೆಯ ಮೇಲಿಟ್ಟರು… ಒಂದು ಮಾತೂ ಕೇಳದೆ!

ಗಡಿಯ ಯುದ್ಧದಲ್ಲಿ ಸತ್ತ ತಮ್ಮನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಅದು. ಮನೆಯಲ್ಲಿ ಉಳಿದಿದ್ದು ಇಬ್ಬರೇ. ಪರದೆ, ಸೋಫಾ ಕವರ್ ಹೊಲಿದು ಮನೆ ನಡೆಸುವ ಅವಳು, ಮತ್ತು ಅವಳ ಅಮ್ಮ.

ಸೌಂಡಿನವನು ಬಗ್ಗಿ ಅವಳ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿದ. ಹೆಡ್‌ಫೋನ್ ಹಾಕಿಕೊಂಡವನು ತಟ್ಟನೆ ಕಣ್ಣೆತ್ತಿದ.

"ನಿನ್ನೆಯಿಂದ ಏನೂ ತಿಂದಿಲ್ಲ ಅಲ್ವಾ ನೀವು?"

"ನಿಮಗೆ ಹೇಗೆ…"

"ಹೊಟ್ಟೆ ಗುರುಗುರು ಅಂತಿದೆ. ಮೈಕಿಗೆ ಎಲ್ಲಾ ಕೇಳುತ್ತೆ."

ಎದ್ದು ಹೋಗಿ ನೀರು ತಂದ. ಮೊದಲು ಅಮ್ಮನಿಗೆ, ಆಮೇಲೆ ಅವಳಿಗೆ ಕೊಟ್ಟ.

ಆ ಕಣ್ಣು ಅವಳಿಗೆ ಇಷ್ಟವಾಯಿತು. ಇಷ್ಟವಾಯಿತೆಂದು ಗೊತ್ತಾದ ಕೂಡಲೇ ನಾಚಿಕೆಯಿಂದ ಹಿಡಿಯಷ್ಟಾದಳು. 'ಛೀ! ತಮ್ಮನ್ನ ಮಣ್ಣು ಮಾಡಿ ಒಂದೇ ದಿನ ಆಗಿದೆ… ನಾನು ಯಾರದೋ ಕಣ್ಣು ನೋಡ್ತಾ ಕೂತಿದ್ದೀನಾ?'

ಹೇಳಿ, ಈ ಹಾಳು ಮನಸ್ಸಿಗೆ ಹೊತ್ತುಗೊತ್ತು ಅನ್ನುವುದು ಇದೆಯೇ?

ಸಂದರ್ಶನ ಮುಗಿಯಿತು. "ಒಂದು ನಿಮಿಷ ಯಾರೂ ಮಾತಾಡ್ಬೇಡಿ, ದಯವಿಟ್ಟು," ಎಂದ ಸೌಂಡಿನವನು.

ಅದು ಅವರ ಕೆಲಸದ ರೂಢಿ. ಎಲ್ಲರ ಮಾತು ನಿಂತ ಮೇಲೆ ಫ್ಯಾನಿನ ಗುಂಯ್, ಬೀದಿಯ ಗಿಜಿಗಿಜಿ, ಹೀಗೆ ಬರೀ ಕೋಣೆಯ ಸದ್ದನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತಾರೆ. ಆಮೇಲೆ ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ಅದು ಬೇಕಾಗುತ್ತದೆ.

ತಾಯಿ ಮಗಳಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು! ಸತ್ತವನಿಗಾಗಿ ಮೌನಾಚರಣೆ ಎಂದುಕೊಂಡು ಇಬ್ಬರೂ ಎದ್ದು ತಲೆ ತಗ್ಗಿಸಿ ನಿಂತರು. ಕ್ಯಾಮೆರಾ ಮುಂದೆ ಹನಿ ಕಣ್ಣೀರು ಹಾಕದಿದ್ದ ಅಮ್ಮನ ದುಃಖದ ಕಟ್ಟೆ ಆ ಮೌನದಲ್ಲಿ ಒಡೆದುಹೋಯಿತು.

"ಹೋಗ್ಬೇಡ ಅಂದಿದ್ನಲ್ಲೋ… ಯಾರದೋ ಜಗಳಕ್ಕೆ ನೀನು ಹೋಗ್ಬೇಡ ಅಂತ ಕೈ ಹಿಡ್ಕೊಂಡು ಬೇಡಿದ್ನಲ್ಲೋ ಮಗನೇ…"

ಸಂಜೆಗೆ ಅದೇ ಮಾತು ಟಿವಿಯಲ್ಲಿ! ಹಿಂದೆ ಪಿಟೀಲು, ಕೆಳಗೆ ಕೆಂಪು ಅಕ್ಷರ, 'ಮಗನನ್ನು ತಡೆದಿದ್ದ ತಾಯಿ!' ಇಸ್ತ್ರಿ ಮಾಡಿದ ಕೋಟು ತೊಟ್ಟು ಸಾಲಾಗಿ ಕೂತವರ ಚರ್ಚೆ. "ವೀರನ ತಾಯಿ ಇಂಥಾ ಮಾತು ಆಡಬಹುದಾ? ನೀವೇ ಹೇಳಿ!" ವಾರವೆಲ್ಲಾ ಅದನ್ನೇ ಹಾಕಿದರು, ಬೇರೆ ಸುದ್ದಿ ಸಿಗುವವರೆಗೆ.

ಅವಳು ಟಿವಿಯ ವೈರು ಕಿತ್ತೆಸೆದಳು. 'ಮೌನ ಅಂತ ನಂಬಿಸಿ ಅಮ್ಮನ ಅಳು ಕದ್ದ! ನೀರು ತಂದುಕೊಟ್ಟಿದ್ದೂ ನಾಟಕ… ಅವನ ಕಣ್ಣು ನೋಡಿದೆನಲ್ಲ, ನನಗೆ ಬುದ್ಧಿ ಎಲ್ಲಿತ್ತು!'

ಅಲ್ಲಿಂದ ಅಮ್ಮ ಹೊಸ್ತಿಲು ದಾಟಲಿಲ್ಲ. ಬಡಾವಣೆಯ ಸಭಾಭವನದಲ್ಲಿ ಶನಿವಾರ ಮಧ್ಯಾಹ್ನ ಕೂಟವಿರುತ್ತದೆ. ಚಹಾ, ಬಿಸ್ಕತ್ತು, ಕೇರಂ, ಊರ ಮೇಲಿನ ಮಾತು. ಒಂದು ವಾರವೂ ತಪ್ಪಿಸದಿದ್ದ ಅಮ್ಮ, ಯುದ್ಧ ನಿಂತು ತಿಂಗಳುಗಳಾದರೂ ಅತ್ತ ತಲೆ ಹಾಕಲಿಲ್ಲ. ನಾಲ್ಕು ಜನರೆದುರು ಮುಖ ತೋರಿಸಲು ಅಮ್ಮನಿಗೆ ನಾಚಿಕೆ ಎಂದುಕೊಂಡಳು ಅವಳು. ಗಾಯ ಕೆದಕಬಾರದೆಂದು ಮನೆಯಲ್ಲಿ ತಮ್ಮನ ಹೆಸರೆತ್ತುವುದನ್ನೇ ಬಿಟ್ಟಳು. ಅಮ್ಮ ಮಾತ್ರ ದಿನದಿನಕ್ಕೆ ಬಡವಾಗುತ್ತಾ ಹೋದಳು. ಹೀಗೇ ಆದರೆ ಅಮ್ಮನೂ ಕೈತಪ್ಪಿ ಹೋಗುತ್ತಾಳೆ ಎಂಬ ಭಯ ಅವಳನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

ಒಂದು ಶನಿವಾರ ಸಭಾಭವನಕ್ಕೆ ಹೊಲಿದ ಹೊಸ ಪರದೆ ಹೊತ್ತು ಒಳಗೆ ಕಾಲಿಟ್ಟಳು. ಹೆಂಗಸರು ಮುತ್ತಿಕೊಂಡರು.

"ಅಮ್ಮ ಹೇಗಿದ್ದಾರೆ? ಅಯ್ಯೋ, ನಿಮ್ಮನೆ ಗೋಡೆ ಬಣ್ಣ ಟಿವಿಲಿ ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ!"

ಮೈ ಉರಿದುಹೋಯಿತು. ಮುಖ ತಿರುಗಿಸಿದರೆ… ಏಣಿಯ ಮೇಲೆ, ಸ್ಪೀಕರಿನ ವೈರು ಹಿಡಿದುಕೊಂಡು, ಅವನು!

"ನೀವಾ?" ಪರದೆಯ ಗಂಟು ಕೈಯಿಂದ ಜಾರಿತು. "ಇಲ್ಲಿ ಯಾರ ಅಳು ಕದಿಯೋಕೆ ಬಂದ್ರಿ?"

ಅವನ ಮುಖ ಬಿಳಿಚಿಕೊಂಡಿತು. ನಿಧಾನವಾಗಿ ಇಳಿದು ಬಂದ.

"ಬಯ್ಯಿರಿ. ತಪ್ಪು ನಂದೇ."

"ಬಯ್ದ್ರೆ ನನ್ನಮ್ಮ ಮೊದಲಿನ ಹಾಗೆ ಆಗ್ತಾಳಾ? ಹೇಳ್ರೀ!"

ಕೂಟದ ಅಧ್ಯಕ್ಷರು ಓಡಿ ಬಂದರು. ಮೈಕು ಕೈಗೆ ಸಿಕ್ಕರೆ ಬಿಡದ ಕಾರಣ ಅವರಿಗೆ ಎಲ್ಲರೂ ಇಟ್ಟ ಹೆಸರು ಮೈಕಾಸುರ. "ಏನಮ್ಮಾ ಇದು! ಟಿವಿ ಕೆಲಸಾನೇ ಬಿಟ್ಟು ಬಂದ ಹುಡುಗ. ಈಗ ಮೈಕು ರಿಪೇರಿ ಮಾಡ್ಕೊಂಡಿದ್ದಾನೆ. ನನ್ನ ಭಾಷಣ ಹಾಳ್ಮಾಡ್ಬೇಡ ಕಣಮ್ಮಾ…"

ಕೆಲಸ ಬಿಟ್ಟನೇ? ಯಾಕೆ? ಬಿಕ್ಕುತ್ತಾ ಮನೆಗೆ ಓಡಿದಳು. ಸಭಾಭವನದಲ್ಲಿ ನಡೆದಿದ್ದನ್ನು ಅಮ್ಮನ ಮುಂದೆ ಬಾಯಿಬಿಟ್ಟಳು.

ಅಮ್ಮ ಪೂರ್ತಿ ಕೇಳಿದಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗಮ್ಮಾ?"

"ಆ ಹೆಡ್‌ಫೋನ್ ಹುಡುಗನ್ನ ನೋಡ್ಬೇಕು. ನಡಿ."

ಅಮ್ಮ ಸಭಾಭವನದೊಳಗೆ ಬಂದಿದ್ದು ಕಂಡು ಕೇರಂ ಆಡುವವರ ಕೈ ನಿಂತಿತು. ಅಮ್ಮ ಯಾರತ್ತಲೂ ತಿರುಗದೆ ನೇರ ಅವನೆದುರು ಹೋಗಿ ನಿಂತಳು.

"ಆವತ್ತು ನಾನಂದಿದ್ದು ಎಲ್ಲರಿಗಿಂತ ಮೊದಲು ನಿನ್ನ ಕಿವಿಗೆ ಬಿತ್ತು. ಅಲ್ವೇನಪ್ಪಾ?"

"ಹೌದಮ್ಮ."

"ಮೈಕು ಹಿಡಿದು ಪ್ರಶ್ನೆ ಕೇಳಿದ ಹುಡುಗಿ ಕನ್ನಡಿ ನೋಡ್ಕೋತಿದ್ಳು. ನೀನು ಅಳ್ತಿದ್ದೆ. ನಾನು ನೋಡ್ದೆ."

ಅವನು ಹಿಡಿದಿದ್ದ ವೈರು ಕೆಳಗಿಟ್ಟ. "ಹೆಡ್‌ಫೋನ್ ತೆಗೀಬೇಕು ಅನ್ನಿಸ್ತಮ್ಮ. ತೆಗೆದ್ರೆ ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋದ ಹಾಗೆ… ತೆಗೀಲಿಲ್ಲ. ಇದನ್ನ ಹಾಕ್ಬೇಡಿ ಅಂತ ಆಫೀಸಲ್ಲಿ ಬೇಡ್ಕೊಂಡೆ. ಹಾಕಿದ್ರು. ಮಾರನೇ ದಿನ ಕೆಲಸ ಬಿಟ್ಟೆ. ಆದ್ರೆ ರೆಕಾರ್ಡಿಂಗ್ ಅವರ ಕೈಗೆ ಕೊಡೋ ಮುಂಚೆ ನಾನೇ ಅಳಿಸಿ ಹಾಕ್ಬಹುದಿತ್ತು. ಧೈರ್ಯ ಸಾಲ್ಲಿಲ್ಲ. ನಿಮ್ಮನೆ ಬೀದಿಗೆ ಬಂದು ಬಂದು ವಾಪಸ್ ಹೋದೆ… ಬಾಗಿಲು ತಟ್ಟೋಕೂ ಧೈರ್ಯ ಬರ್ಲಿಲ್ಲ."

"ನಾನಂದಿದ್ದರಲ್ಲಿ ತಪ್ಪೇನಿದೆ? ಹೋಗ್ಬೇಡ ಅಂದೆ. ಈಗಲೂ ಅಂತೀನಿ. ಹೆತ್ತವಳು ಇನ್ನೇನು ಅಂತಾಳೆ?"

ಅವಳು ಬೆಚ್ಚಿಬಿದ್ದಳು. "ಅಮ್ಮಾ… ಹಾಗಾದ್ರೆ ಕೂಟಕ್ಕೆ ಬರೋದು ಯಾಕೆ ಬಿಟ್ಟೆ?"

"ಇಲ್ಲಿ ಎಲ್ಲರೂ ಟಿವಿ ಬಗ್ಗೆ ಕೇಳ್ತಾರೆ ಕಣೇ. ನನ್ನ ಮಗನ ಬಗ್ಗೆ ಒಬ್ಬರೂ ಕೇಳಲ್ಲ." ಅಮ್ಮ ಮಗಳತ್ತ ತಿರುಗಿದಳು. "ನೀನೂ ಕೇಳಲ್ಲ."

ಎದೆಗೆ ಯಾರೋ ಗುದ್ದಿದಂತಾಯಿತು ಅವಳಿಗೆ. ಕಾಪಾಡುತ್ತಿದ್ದೇನೆ ಎಂದುಕೊಂಡು ಇಷ್ಟು ದಿನ ಅಮ್ಮನ ಬಾಯಿ ಹೊಲಿದವಳು ತಾನೇ!

ಸೌಂಡಿನವನು ಒಂದು ಕುರ್ಚಿ ಎಳೆದು ಅಮ್ಮನನ್ನು ಕೂರಿಸಿದ. ತಾನು ನೆಲದ ಮೇಲೆ ಕೂತ.

"ಹೇಗಿದ್ದಮ್ಮ, ನಿಮ್ಮ ಮಗ?"

ಅಮ್ಮ ಅವನತ್ತ ಬಗ್ಗಿದಳು.

"ದೊಡ್ಡ ಸುಳ್ಳುಗಾರ," ಎಂದಳು. "ಊಟ ಆಯ್ತಾ ಅಂದ್ರೆ, ಹಸಿದಿದ್ರೂ ಆಯ್ತು ಅನ್ನೋನು. ಹಲ್ಲಿ ಕಂಡ್ರೆ ಮಂಚ ಹತ್ತೋನು ಕಣಪ್ಪಾ! ಅಂಥವನ ಕೈಗೆ ಬಂದೂಕು ಕೊಟ್ರು…"

ಯಾರೋ ಕಿಸಕ್ಕನೆ ನಕ್ಕು, ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. ಆದರೆ ಅಮ್ಮನೇ ನಗುತ್ತಿದ್ದಳು! ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ನಗುತ್ತಿದ್ದಳು.

"ನಮ್ಮನೆ ಕಿಟಕಿ ಗಾಜು ಒಡೆದೋನು ಅವನೇ," ಎಂದರು ಗೋಡೆ ಬಣ್ಣ ಹೊಗಳಿದ್ದ ಹೆಂಗಸು, ಮೂಗು ಒರೆಸಿಕೊಳ್ಳುತ್ತಾ. "ತಾನೇ ಬಂದು ಹೊಸದು ಕೂರಿಸಿ ಹೋದ. ಅದೂ ಸೊಟ್ಟಗೆ."

"ನನ್ನ ಭಾಷಣಕ್ಕೆ ಹಿಂದೆ ಕೂತು ಆಕಳಿಸ್ತಿದ್ದ," ಎಂದರು ಮೈಕಾಸುರರು. ಆವತ್ತು ಅವರು ಮೈಕು ಮುಟ್ಟಲಿಲ್ಲ.

ಒಬ್ಬರಾದ ಮೇಲೆ ಒಬ್ಬರು ಕುರ್ಚಿ ಹತ್ತಿರ ಎಳೆದುಕೊಂಡರು. ಅವಳಿಗೆ ತಡೆಯಲಾಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು.

ಸ್ವಲ್ಪ ಹೊತ್ತಿಗೆ ಅವನು ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

"ನಿಮಗೊಂದು ವಿಷಯ ಹೇಳ್ಬೇಕು," ಎಂದಳು ಅವಳು. "ಆವತ್ತು ನಮ್ಮನೇಲಿ… ನೀವು ನಂಗಿಷ್ಟ ಆಗಿದ್ರಿ. ಅಂಥಾ ದಿನ! ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಆ ಕೋಪಾನೂ ಸೇರಿಸಿ ನಿಮ್ಮ ಮೇಲೆ ಹಾಕ್ದೆ."

ಅವನು ತಲೆ ಎತ್ತಲಿಲ್ಲ. "ನಂಗೂ… ಆವತ್ತೇ. ಹೇಳೋ ಯೋಗ್ಯತೆ ಇಲ್ಲ ಅಂತ ಸುಮ್ಮನಿದ್ದೆ."

"ಈಗ?"

"ಈಗಲೂ ಭಯಾನೇ." ತಲೆ ಎತ್ತಿ ಕೇಳಿದ, "ನಿಮ್ಮ ತಮ್ಮ ಇದ್ದಿದ್ರೆ ಏನಂತಿದ್ದ?"

"ಮೊದಲು ನಿಮ್ಮನ್ನ ಗೋಳು ಹುಯ್ಕೊಳ್ತಿದ್ದ. ಆಮೇಲೆ ಓಡಿಹೋಗಿ ಅಮ್ಮನಿಗೆ ಚಾಡಿ ಹೇಳ್ತಿದ್ದ…"

ಅಷ್ಟು ಹೇಳಿ ನಿಲ್ಲಿಸಿದಳು. ಇನ್ನು ಓಡಿಹೋಗಿ ಹೇಳುವವನು ಆ ಮನೆಯಲ್ಲಿ ಇರಲಿಲ್ಲ.

"ಈಗ ಅಮ್ಮನಿಗೆ ನಾನೇ ಹೇಳ್ಬೇಕು," ಎಂದಳು.

"ನಾನೂ ಬರಲಾ?"

ಅವಳು ಕೈ ಚಾಚಿದಳು.

"ಬನ್ನಿ… ಒಬ್ಬಳೇ ಹೇಳೋಕೆ ನನ್ನಿಂದ ಆಗಲ್ಲ."