ನಲವತ್ತು ಸಾವಿರದ ಗುಟುಕು

“ಕೇದಾರ, ಇದು ನಿನ್ನ ವೈನ್ ಅಲ್ಲೋ. ಇದು ನಂದು!”

ಇಷ್ಟು ಹೇಳಿ ಅತುಲ ನಕ್ಕುಬಿಟ್ಟ. ಊಟದ ಮೇಜಿನ ಸುತ್ತ ಕೂತಿದ್ದ ನಾವ್ಯಾರೂ ನಗಲಿಲ್ಲ. ಅವನ ಗ್ಲಾಸಿಗೆ ಸುರಿದದ್ದು ಕೇದಾರನ ಫ್ರೆಂಚ್ ಬಾಟಲಿಯಿಂದ. ಅದರ ಬೆಲೆ ನಲವತ್ತು ಸಾವಿರ. ಅತುಲನದು ಎಂದರೆ ವಿಜಯಪುರದ ಕಡೆಯ ದ್ರಾಕ್ಷಿಯದು, ಐನೂರಕ್ಕೆ ಸಿಗುವಂಥದ್ದು.

“ಏನಂದಿ?” ಕೇದಾರ ಕೇಳಿದ.

“ವರ್ಷಾನುಗಟ್ಟಲೆ ಇದನ್ನಽ ಕುಡಿಯಾಂವ ನಾನು. ನನ್ನ ನಾಲಿಗಿಗೆ ಗೊತ್ತಾಗೂದಿಲ್ಲೇನು? ಬೇಕಾದ್ರ ಇನ್ನೊಮ್ಮೆ ಕುಡದು ನೋಡು.”

ಕೇದಾರ ಮತ್ತೊಂದು ಗುಟುಕು ಕುಡಿದ. ಮುಖ ಕಪ್ಪಿಟ್ಟಿತು. ಐದು ನಿಮಿಷದ ಹಿಂದೆ ಇದೇ ವೈನಿಗೆ “ಆಹಾ, ಏನು ಗಾಂಭೀರ್ಯ!” ಎಂದು ಕಣ್ಣು ಮುಚ್ಚಿದವನು ಅವನೇ. “ಗಂಟಲಾಗ ರೇಷ್ಮಿ ಇಳದಂಗಾತು” ಎಂದವನು ನಾನು. ಈಗ ನನಗೂ ಅದು ಬರೀ ಹುಳಿ ದ್ರಾಕ್ಷಿಯ ಹಾಗೆ ಹತ್ತಿತು.

ನಾನು ತ್ರ್ಯಂಬಕ, ಬ್ಯಾಂಕಿನ ನೌಕರ. ಕೇದಾರ, ಅತುಲ, ನಾನು ಧಾರವಾಡದಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು. ಅತುಲ ಕೇದಾರನ ಚಿಕ್ಕಪ್ಪನ ಮಗ. ಈಗ ಅದೇ ಊರಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ. ಕೇದಾರ ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರು. ಬೈರಿದೇವರಕೊಪ್ಪದಲ್ಲಿ ಅವನು ಕಟ್ಟಿಸಿದ ಮನೆ ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತದೆ. ಅವನ ಮನೆಯ ಬಾಗಿಲಿನ ಹಿಡಿಕೆಯ ಮೇಲೂ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು? ಮಹಡಿಯ ಮೆಟ್ಟಿಲ ಕೆಳಗೆ ವೈನಿಗೆಂದೇ ತಣ್ಣನೆಯ ಕಪಾಟು ಮಾಡಿಸಿದ್ದಾನೆ. ನಮ್ಮ ಮನೆಯ ಫ್ರಿಜ್ಜು ಬೇಸಿಗೆಯಲ್ಲಿ ಹಾಲನ್ನೂ ಕಾಯುವುದಿಲ್ಲ.

ಅಂದು ದೀಪಾವಳಿ ಮುಗಿದ ಭಾನುವಾರ, ಮಧ್ಯಾಹ್ನದ ಊಟ. ಎರಡು ವರ್ಷ ಕಾದು ಕೇದಾರ ಆ ಬಾಟಲಿ ತೆರೆಯುವವನಿದ್ದ. ಅದಕ್ಕೂ ಮುಂಚೆ, ಹೋಲಿಸಿ ನೋಡಲಿ ಎಂದು ಅತುಲನ ಅಗ್ಗದ ಬಾಟಲಿಯನ್ನು ತೆರೆಸಿದ್ದ. ಅತುಲ ಮುಚ್ಚಳ ತಿರುಗಿಸಿದ. ಅದು ‘ಕಟ್’ ಎಂಬ ಸದ್ದಿಲ್ಲದೆ ಸುಮ್ಮನೆ ಬಿಚ್ಚಿಕೊಂಡಿತು. ಅಗ್ಗದ ಮಾಲಿನ ಮುಚ್ಚಳವೂ ಅಗ್ಗ ಎಂದುಕೊಂಡೆ. ಕೇದಾರ ಒಂದು ಗುಟುಕು ಬಾಯಿಗೆ ಹಾಕಿ ಬೇಸಿನ್ನಿಗೆ ಉಗುಳಿದ.

“ಥೂ, ಕಷಾಯ! ಇದನ್ನ ಹೆಂಗ ಕುಡೀತೀಯೋ?”

“ಇವತ್ತ್ಯಾಕೋ ರುಚಿ ಬ್ಯಾರೆ ಅನಸ್ತದ,” ಎಂದು ಅತುಲ ಗೊಣಗಿದ.

“ಕತ್ತಿಗೇನು ಗೊತ್ತು ಕಸ್ತೂರಿ ವಾಸನಿ?” ಎಂದ ಕೇದಾರ, ಬಾಟಲಿಯಲ್ಲಿ ಉಳಿದ ವೈನನ್ನೆಲ್ಲ ಬೇಸಿನ್ನಿಗೆ ಬಗ್ಗಿಸಿಬಿಟ್ಟ. ನನ್ನ ಗ್ಲಾಸಿನ ತಳದಲ್ಲಿ ಮಸಿಯಂಥ ಗಸಿ ಕೂತಿತ್ತು. ಹೇಸಿಕೆಯಾಗಿ ನಾನೂ ಚೆಲ್ಲಿದೆ. ನಮ್ಮ ನಾಲ್ಕನೆಯವನು, ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ಬಸವಕಿರಣ, ಅವನೂ ಚೆಲ್ಲಿದ. ಅತುಲ ಮಾತ್ರ ಚೆಲ್ಲಲಿಲ್ಲ. ದುಡ್ಡು ಕೊಟ್ಟು ತಂದವನು, ಅರ್ಧ ಗ್ಲಾಸನ್ನು ಹಾಗೇ ಪಕ್ಕಕ್ಕಿಟ್ಟ.

ಆಮೇಲೆ ಕೇದಾರ ತನ್ನ ಬಾಟಲಿಯನ್ನು ಮಗುವಿನ ಹಾಗೆ ಎತ್ತಿ ತಂದ. ಲೇಬಲ್ಲಿನ ಒಂದು ಮೂಲೆ ಬೆಳಕಿಗೆ ಪಾರದರ್ಶಕವಾಗಿ ಕಂಡಿತು. ಆಹಾ, ಫ್ರಾನ್ಸಿನ ಕಾಗದವೂ ಎಷ್ಟು ನಯ ಎಂದು ಕರುಬಿದೆ. ಬಾಯಿಯ ತಗಡಿನ ಟೊಪ್ಪಿಗೆಯನ್ನು ಕತ್ತರಿಸದೆ, ತಿರುಗಿಸಿ ಇಡಿಯಾಗಿ ಕಳಚಿದ. ಬಿರಡೆಗೆ ತೂತು ಮಾಡದ, ಎರಡು ಅಲಗಿನ ಚಿಮಟದಿಂದ ಬಿರಡೆ ಎಳೆದ. ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಬಂತು. ಎಲ್ಲರೂ ಹೊಗಳಿದೆವು. ಅಷ್ಟರಲ್ಲಿ ಅತುಲ ಆ ಮಾತಾಡಿದ.

“ಕಳ್ಳತನ!” ಕೇದಾರ ಮೇಜು ಗುದ್ದಿದ. “ಯಾರೋ ನನ್ನ ವೈನ್ ತಗೊಂಡು ಇದನ್ನ ತುಂಬ್ಯಾರ. ಯಾರೋ ಏನು? ಇಂವನಽ!”

“ನಾನಽ?” ಅತುಲ ಎದ್ದು ನಿಂತ.

“ಮತ್ತ್ಯಾರು? ನರಕಚತುರ್ದಶಿ ದಿನ ಎಣ್ಣಿ ನೀರಿಗಂತ ನಸುಕಿನ್ಯಾಗ ಬಂದಿ. ನಾ ಇನ್ನೂ ಎದ್ದಿರಲಿಲ್ಲ. ಹಾಲಿನ್ಯಾಗ ಒಬ್ಬನಽ ಕೂತಿದ್ದಿ. ನಿನ್ನ ಬಾಟ್ಲಿನೂ ಅವತ್ತಽ ತಂದಿಟ್ಟಿ. ನನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಮಾಡಿದಿ! ಸಂಜೀಕ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಕಾಲೇಜಿಗೇ ಬರಲಿ ಅವರು.”

ಅತುಲ ಕಲಿಸುವ ಹುಡುಗರ ಎದುರಿಗೆ ಪೊಲೀಸರು ಬಂದು ‘ಹೆಂಡದ ಕಳ್ಳ’ ಎಂದು ಕರೆದೊಯ್ದರೆ ಆ ಮನುಷ್ಯ ಧಾರವಾಡದಲ್ಲಿ ಮತ್ತೆ ತಲೆ ಎತ್ತಿ ಓಡಾಡಲಾರ. ಕೇದಾರನ ಹೆಂಡತಿ ಮೈತ್ರೇಯಿ ಹೋಳಿಗೆಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಕೇದಾರ ಕೈ ಬೀಸಿ ಒಳಗೆ ಹೋಗು ಎಂದ.

“ಪೊಲೀಸರನ್ನ ಕರೆಯೂಕಿಂತ ಮೊದಲ ನಾಲ್ಕು ಪ್ರಶ್ನೆ ಕೇಳಲೇನು?”

ಇದು ನನ್ನ ಹೆಂಡತಿ ಸುಲಭಾ. ಕೋಕಂ ಶರಬತ್ತಿನ ಲೋಟ ಕೆಳಗಿಟ್ಟಳು. ವಿಮಾ ಕಂಪನಿಗಳಿಗೆ ಸುಳ್ಳು ಕ್ಲೇಮು ಪತ್ತೆ ಮಾಡಿಕೊಡುವುದು ಅವಳ ಕೆಲಸ. ಹುಬ್ಬಳ್ಳಿಯಲ್ಲಿ ಸುಟ್ಟ ಗೋದಾಮು ಯಾವುದಿದ್ದರೂ ಅವಳಿಗೇ ಕರೆ ಬರುತ್ತದೆ. ನನ್ನನ್ನು ಜನ ‘ಸುಲಭಾ ಅವರ ಯಜಮಾನರು’ ಎಂದು ಗುರುತಿಸುತ್ತಾರೆ. ಆ ಕಿಚ್ಚು ಬೇರೆ ಇದೆ, ಇರಲಿ.

“ಕೇಳು,” ಎಂದ ಕೇದಾರ. “ನಿನಗೂ ಗೊತ್ತಾಗಲಿ.”

“ಮಾರಿದಾಂವ ಮೋಸ ಮಾಡಿರಬಹುದಲ್ಲ?”

ಬಸವಕಿರಣ ತಲೆಯಾಡಿಸಿದ. “ಅದಽ ನಾನೂ ಅನ್ನಾಕತ್ತೇನಿ. ನಮ್ಮ ಯಾರ್ಡಿನ್ಯಾಗ ಮ್ಯಾಲೆ ಬ್ಯಾಡಗಿ, ಕೆಳಗ ಕಸ ತುಂಬಿದ ಚೀಲ ಎಷ್ಟು ಬೇಕು!”

“ನಿಮಗೂ ಆ ಬಾಟ್ಲಿ ಮ್ಯಾಲೆ ಕಣ್ಣಿತ್ತಲ್ಲ, ಬಸವಕಿರಣ?”

“ಇತ್ತ್ರೀ. ಡಬಲ್ ರೊಕ್ಕ ಕೊಡ್ತೇನಿ ಅಂದಿದ್ದೆ. ಇವ್ರು ಕೊಡಲಿಲ್ಲ. ಖರೇ ಹೇಳ್ತೇನಿ, ಹೊಟ್ಟಿ ಉರೀತು. ಆದ್ರ ಹಬ್ಬದಾಗ ನಾ ಈ ಕಡೆ ಹೊಳ್ಳಿ ನೋಡಿಲ್ಲ. ಅಂಗಡಿ ಲಕ್ಷ್ಮಿ ಪೂಜಿ ಬಿಟ್ಟು ಎಲ್ಲಿ ಬರ್ಲಿ?”

ಸುಲಭಾ ಎರಡೂ ಬಾಟಲಿಗಳನ್ನು ಹತ್ತಿರ ಎಳೆದುಕೊಂಡಳು. ಫ್ರೆಂಚ್ ಬಾಟಲಿಯ ಲೇಬಲ್ಲನ್ನು ಮೂಸಿದಳು. ಅತುಲ ಪಕ್ಕಕ್ಕಿಟ್ಟಿದ್ದ ಮೊದಲ ಗ್ಲಾಸನ್ನು ಬೆಳಕಿಗೆ ಹಿಡಿದು ಕೆಳಗಿಟ್ಟಳು.

“ಕೇದಾರ, ಕಪಾಟಿನ ಕೀಲಿಕೈ ಎಷ್ಟವ?”

“ಒಂದಽ.”

“ಎಲ್ಲಿರ್ತದ?”

ಕೇದಾರ ಅಂಗಿಯ ಗುಂಡಿ ಬಿಚ್ಚಿ ಜನಿವಾರ ಹೊರಗೆಳೆದ. ತುದಿಗೆ ಸಣ್ಣ ಹಿತ್ತಾಳೆ ಕೀಲಿಕೈ. “ನಮ್ಮಜ್ಜ ತಿಜೋರಿ ಕೀಲಿ ಇಲ್ಲೇ ಕಟ್ಟತಿದ್ದ. ಜೀವ ಹೋದ್ರೂ ಇದು ಇಳಿಯೂದಿಲ್ಲ.”

“ಮಲಗಿದಾಗ?”

“ಮೈಮ್ಯಾಲೆ.”

“ಸ್ನಾನದಾಗ?”

“ಮೈಮ್ಯಾಲೆ! ಜನಿವಾರ ಯಾರರೆ ತಗೀತಾರೇನು?”

“ಮತ್ತ ಅತುಲ ಕಪಾಟು ಹೆಂಗ ತಗದ?”

“ಕಳ್ಳಗೀಲಿ ಮಾಡ್ಸಿರಬೇಕು.”

“ಕಳ್ಳಗೀಲಿ ಮಾಡ್ಸೂದಕ್ಕೂ ಖರೇ ಕೀಲಿ ಕೈಗೆ ಸಿಗಬೇಕಲ್ಲ?”

ಕೇದಾರ ಕೀಲಿಕೈಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಸುಲಭಾ ಅತುಲನತ್ತ ತಿರುಗಿದಳು.

“ಅವತ್ತು ಏನೇನು ಮಾಡಿದಿ?”

“ಬಂದೆ, ಬಾಟ್ಲಿ ಅಡಗಿಮನಿ ಕಟ್ಟಿ ಮ್ಯಾಲಿಟ್ಟೆ, ಹಾಲಿನ್ಯಾಗ ಕೂತೆ. ಮೈತ್ರೇಯಿ ವೈನಿ ಆರತಿ ಮಾಡಿ ನೆತ್ತಿಗೆ ಎಣ್ಣಿ ಒತ್ತಿದ್ರು. ಎರದುಕೊಂಡು, ಅವಲಕ್ಕಿ ತಿಂದು ಧಾರವಾಡಕ್ಕ ಹೊಂಟೆ. ಆಗ ಇಂವ ಹಿತ್ತಲದಾಗ ಮಣಿ ಮ್ಯಾಲೆ ಕೂತು ಎಣ್ಣಿ ಹಚ್ಚಿಸಿಕೊಳ್ಳಿಕ್ಕೆ ಹತ್ತಿದ್ದ.”

“ಅಡಗಿ ಮಾಡಾಕಿ ಕಾವೇರಿ ಅವತ್ತು ಇದ್ದಳೇನು?”

“ಇಲ್ಲ. ಹಬ್ಬಕ್ಕಂತ ಊರಿಗೆ ಹೋದಾಕಿ ಇನ್ನೂ ಬಂದಿಲ್ಲ,” ಎಂದ ಕೇದಾರ ಅಸಹನೆಯಿಂದ. “ಎಲ್ಲಿಂದ ಎಲ್ಲಿಗೆ ಹೊಂಟಿ ಸುಲಭಾ? ಕಳ್ಳ ಎದುರಿಗೇ ನಿಂತಾನ.”

“ಕಳ್ಳ ಆಗಿದ್ರ, ‘ಇದು ನನ್ನ ವೈನು’ ಅಂತ ತಾನಽ ಕೂಗತಿದ್ದನೇನು? ಎಲ್ಲಾರೂ ಹೊಗಳಲಿಕ್ಕೆ ಹತ್ತಿದ್ರಿ. ಸುಮ್ಮನಿದ್ದಿದ್ರ ಜಲ್ಮದಾಗ ಯಾರಿಗೂ ತಿಳೀತಿರಲಿಲ್ಲ.”

ನನಗೂ ಇದು ಹೊಳೆದಿರಲಿಲ್ಲ. ನಾನು ಅತುಲನನ್ನೇ ಕಳ್ಳನೆಂದು ಎಣಿಸಿ, ಒಳಗೊಳಗೇ ‘ಭೇಷ್’ ಎಂದಿದ್ದೆ.

ಸುಲಭಾ ಎದ್ದು ನಿಂತಳು. “ಮೊದಲು ನಿಮ್ಮ ವೈನ್ ಎಲ್ಲಿ ಹೋತು ಅಂತ ಹೇಳ್ತೀನಿ. ಅತುಲ ತನ್ನ ಬಾಟ್ಲಿ ತಗದಾಗ ಮುಚ್ಚಳ ಕಟ್ಟನ್ನಲಿಲ್ಲ. ಹೊಸಾ ಮುಚ್ಚಳ ಕಟ್ಟಂದು ಮುರೀತದ. ಅಂದ್ರ ಅದನ್ನ ಮೊದಲಽ ಯಾರೋ ತಗದಿದ್ರು. ಅದರೊಳಗಿನ ವೈನು ಫ್ರೆಂಚ್ ಬಾಟ್ಲಿಗೆ ಬಂತು. ಹಂಗಾದ್ರ ಅತುಲನ ಬಾಟ್ಲ್ಯಾಗ ಇವತ್ತು ಏನಿತ್ತು?”

ಅತುಲನ ಆ ಮೊದಲ ಗ್ಲಾಸನ್ನು ನಮ್ಮ ಮುಂದೆ ಸರಿಸಿದಳು.

“ಇವನ ಗ್ಲಾಸಿನ ತಳಾ ನೋಡ್ರಿ. ಗಸಿ. ವರ್ಷಾನುಗಟ್ಟಲೆ ಇಟ್ಟ ವೈನಿನ್ಯಾಗಽ ಇದು ಕೂಡ್ತದಂತ ನೀವಽ ನಮ್ಮ ಮುಂದ ಎಷ್ಟು ಸಲ ಭಾಷಣ ಮಾಡೀರಿ, ಕೇದಾರ? ಮೊನ್ನೆ ಅಂಗಡಿಯಿಂದ ತಂದ ವೈನಿಗೆ ಗಸಿ ಎಲ್ಲಿಂದ ಬಂತು?”

ಕೇದಾರನ ಕಣ್ಣು ನಿಧಾನವಾಗಿ ಬೇಸಿನ್ನಿನ ಕಡೆ ಹೊರಳಿತು.

“ಹೌದು. ‘ಕಷಾಯ’ ಅಂತ ಉಗುಳಿದ್ರಲ್ಲ, ಅದಽ ನಿಮ್ಮ ನಲವತ್ತು ಸಾವಿರದ್ದು.”

ಬಸವಕಿರಣ ಬಾಯಿಗೆ ಕರವಸ್ತ್ರ ಒತ್ತಿಕೊಂಡ. ಆದರೂ “ಕಸ್ತೂರಿ ವಾಸನಿ” ಎಂದು ಒಳಗಿನಿಂದ ಕೇಳಿಸಿತು. ನನಗೆ ಸಂತೋಷವಾಯಿತು. ಎಷ್ಟು ಸಂತೋಷವೆಂದರೆ, ನಾನೂ ಅದನ್ನೇ ಚೆಲ್ಲಿದ್ದೆ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಯಾರು? ಯಾರು ಮಾಡಿದ್ದು?” ಕೇದಾರನ ದನಿ ಬಿದ್ದುಹೋಗಿತ್ತು.

“ಲೇಬಲ್ ಮೂಲ್ಯಾಗ ಎಣ್ಣಿ ಕಲಿ ಅದ. ಮೂಸಿ ನೋಡ್ರಿ, ಮೆಂತ್ಯೆ ಹಾಕಿ ಕಾಸಿದ ಎಣ್ಣಿ. ಹಬ್ಬದ ದಿನ ಈ ಮನ್ಯಾಗ ಎಲ್ಲಾರ ತಲಿ ಮ್ಯಾಲೂ ಆ ಎಣ್ಣಿ ಇತ್ತು. ಆದ್ರ ಕೈ ತುಂಬ ಎಣ್ಣಿ ಯಾರಿಗಿತ್ತು? ಹಚ್ಚಿಸಿಕೊಂಡವರಿಗಲ್ಲ. ಹಚ್ಚಿದವರಿಗೆ.”

“ಸುಲಭಾ—”

“ಬೆನ್ನಿಗೆ ಎಣ್ಣಿ ತಿಕ್ಕೂ ಮುಂದ ಜನಿವಾರ ಬಾಜೂಕ ಸರಸ್ತಾರ. ನೀವು ಎಣ್ಣಿ ಕಣ್ಣಿಗಿಳೀತದಂತ ಕಣ್ಣು ಮುಚ್ಚಿಕೊಂಡು ಕೂತಿದ್ರಿ. ಕೀಲಿ ಬಿಚ್ಚಿದ್ದು, ಎಣ್ಣಿ ಹಿಡೀಲಿ ಅಂತ ನಿಮ್ಮನ್ನ ಅಲ್ಲೇ ಕೂಡಿಸಿದ್ದು, ತಿರುಗಿ ಬಂದು ಕಟ್ಟಿದ್ದು, ಒಂದೂ ನಿಮಗ ತಿಳೀಲಿಲ್ಲ. ‘ಮೈಮ್ಯಾಲಿಂದ ಇಳಿದಿಲ್ಲ’ ಅಂತ ಆಣಿ ಮಾಡ್ತೀರಿ, ಯಾಕಂದ್ರ ಮನಿಯಾಕಿ ಕೈಯನ್ನ ನೀವು ಬ್ಯಾರೆಯವರ ಕೈ ಅಂತ ಲೆಕ್ಕಕ್ಕಽ ಹಿಡದಿಲ್ಲ. ಚಿಮಟದಿಂದ ಬಿರಡಿ ಹೆಂಗ ತಗೀಬೇಕು, ಟೊಪ್ಪಿಗಿ ಹೆಂಗ ಕಳಚಬೇಕು, ವರ್ಷಗಟ್ಟಲೆ ಬಾಜೂಕ ನಿಂತು ನೋಡಿದಾಕಿ ಒಬ್ಬಾಕಿನಽ.”

ಎಲ್ಲರೂ ಬಾಗಿಲ ಕಡೆ ನೋಡಿದೆವು. ಇನ್ನೂ ಅಲ್ಲೇ ನಿಂತಿದ್ದ ಮೈತ್ರೇಯಿ ಹೋಳಿಗೆಯ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಹೌದು, ನಾನಽ ಮಾಡಿದ್ದು.”

“ಯಾಕ?” ಕೇದಾರ ಕೇಳಿದ. ನಿಜಕ್ಕೂ ತಿಳಿಯದೆ ಕೇಳಿದ.

“ಹೊಟ್ಟಿಕಿಚ್ಚು. ಆ ಬಾಟ್ಲಿ ಮ್ಯಾಲೆ. ಮುಂಜಾನೆದ್ದು ಮೊದಲ ಅದರ ಮಾರಿ ನೋಡ್ತೀರಿ. ಅದಕ್ಕ ತಂಪು ಕಪಾಟು. ಅಡಗಿಮನ್ಯಾಗ ನನಗೊಂದು ಫ್ಯಾನಿಲ್ಲ. ಬಂದವರಿಗೆಲ್ಲಾ ಅದರ ಊರು, ಕುಲಗೋತ್ರ ಹೇಳ್ತೀರಿ. ನನ್ನ ತವರುಮನಿ ಕೇಳಿದ್ರ ನವಲಗುಂದನೋ ನರಗುಂದನೋ ಅಂತೀರಿ! ಕಣ್ಣು ಕಟ್ಟಿ ಕೊಟ್ರೂ ಅದರ ಗುರ್ತು ಹಿಡೀತೀನಿ ಅಂತಿದ್ರಲ್ಲ, ನೋಡೋಣಂತ ಅದಲಾಬದಲಿ ಮಾಡಿದೆ. ಹಿಡದಿದ್ರ ನಾ ಸೋತೆ ಅಂತ ಸುಮ್ಮನಾಗ್ತಿದ್ದೆ. ಇಷ್ಟು ಪ್ರೀತಿ ಮಾಡಿದ್ದನ್ನೂ ನೀವು ಗುರ್ತು ಹಿಡೀಲಿಲ್ಲ.”

ಆಮೇಲೆ ಅತುಲನ ಕಡೆ ತಿರುಗಿದಳು. ಆಗ ಅವಳ ಕಣ್ಣು ತುಂಬಿತು. “ನಿಮ್ಮ ಮ್ಯಾಲೆ ಬರ್ತದಂತ ತಿಳೀಲಿಲ್ಲ. ಹೇಳಲಿಕ್ಕೆ ಬಾಯಿ ತಗದೆ, ಒಳಗ ಹೋಗಂದ್ರು. ಆದ್ರೂ ಹೇಳಬೇಕಿತ್ತು. ತಪ್ಪಾತು.”

ಮೇಜಿನ ಮೇಲೆ ಅತುಲನ ಮೊದಲ ಗ್ಲಾಸು ಅರ್ಧ ತುಂಬಿ ಹಾಗೇ ಇತ್ತು. ಕೇದಾರನ ಫ್ರೆಂಚ್ ವೈನು ಈ ಲೋಕದಲ್ಲಿ ಉಳಿದದ್ದು ಅಷ್ಟೇ. ಕೇದಾರನ ಕೈ ತಾನಾಗಿ ಅದರತ್ತ ಚಾಚಿತು. ಅತುಲ ಗ್ಲಾಸನ್ನು ಎತ್ತಿ ಮೈತ್ರೇಯಿಯ ಮುಂದಿಟ್ಟ.

“ನೀವು ಕುಡೀರಿ, ವೈನಿ.”

ಅವಳು ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಲಿಲ್ಲ, ಆಹಾ ಎನ್ನಲಿಲ್ಲ. ಕೇದಾರ ಅವಳ ಮುಖವನ್ನೇ ನೋಡುತ್ತ ಕೂತಿದ್ದ.

“ಹೆಂಗದ?” ಎಂದ ಕೊನೆಗೆ.

“ನನ್ನ ಕೇಳಿದ್ರೇನು?”

“ಹೂಂ. ನಿನ್ನಽ.”

ಅವಳು ಇನ್ನೊಂದು ಗುಟುಕು ಕುಡಿದಳು. “ಒಗರದ. ಆದ್ರ ಬಾಯಾಗ ಭಾಳ ಹೊತ್ತು ಉಳೀತದ.”

ಕೇದಾರ ತಲೆ ತಗ್ಗಿಸಿದ. ಅತುಲನ ಕೈ ಹಿಡಿದು ಏನೋ ಅಂದ, ನಮಗೆ ಕೇಳಿಸಲಿಲ್ಲ. ಹೋಳಿಗೆ ತಿಂದು ಎಲ್ಲರೂ ಎದ್ದೆವು.

ಧಾರವಾಡದ ನಮ್ಮ ಮನೆಗೆ ಹೋಗುವ ಬಸ್ಸಿಗೆಂದು ನಾವಿಬ್ಬರೂ ಮುಖ್ಯ ರಸ್ತೆಯತ್ತ ಹೊರಟೆವು. ನಮ್ಮ ಗಂಡಸರ ಚಾಳಿಯಂತೆ ನಾನು ನಾಲ್ಕು ಹೆಜ್ಜೆ ಮುಂದೆ, ಸುಲಭಾ ಹಿಂದೆ. ನನಗೆ ಹಿಗ್ಗು ತಡೆಯಲಾಗಲಿಲ್ಲ.

“ಎಂಥಾ ಗಂಡಪ್ಪಾ! ಹೆಂಡ್ತಿ ತವರೂರು ಗೊತ್ತಿಲ್ಲಂತ. ಅದಕ್ಕಽ ತಕ್ಕ ಶಾಸ್ತಿ ಆತು!”

“ಹೌದಲ್ಲ?” ಎಂದಳು ಹಿಂದಿನಿಂದ. “ಹೊಳ್ಳಿ ನೋಡದ ಒಂದು ಮಾತು ಹೇಳ್ರಿ. ನಾ ಇವತ್ತು ಯಾವ ಬಣ್ಣದ ಸೀರಿ ಉಟ್ಟೀನಿ?”

ನಾನು ನಿಂತೆ. ಕೇದಾರನ ಕಪಾಟಿನ ಗಾಜಿನ ಅಂಚು ಗೊತ್ತಿತ್ತು. ಪರದೆಯ ಜರಿ ಗೊತ್ತಿತ್ತು. ಬಾಗಿಲ ಹಿಡಿಕೆಯ ಮೇಲಿನ ನವಿಲಿಗೆ ಎಷ್ಟು ಗರಿ ಎಂಬುದೂ ಗೊತ್ತಿತ್ತು.

“ಹಸರು,” ಎಂದೆ.

ಹಿಂದಿನಿಂದ ಉತ್ತರ ಬರಲಿಲ್ಲ. ಬಸ್ಸು ಬಂದು ನಿಂತಿತು. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.